ಗಾಳಿ ಕಾಯ್ದಿತ್ತು, ಜನ ಸವೆಸಿದರು: ಡಬ್ಲಿನ್ ಚರ್ಚಿನ ನೆಲಮಾಳಿಗೆಯ ಮಮ್ಮಿಗಳ ಹಿನ್ನೆಲೆ

2024ರ ಜೂನ್ 11ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಸೇಂಟ್ ಮಿಕನ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಬೆಂಕಿ ಬಿತ್ತು. ಅಗ್ನಿಶಾಮಕ ದಳ ಬಂದು ಆರಿಸಿತು, ಚರ್ಚ್ ಕಟ್ಟಡ ಉಳಿಯಿತು. ಆದರೆ ಕೆಳಗಿನ ಕೋಣೆಯಲ್ಲಿ ಶತಮಾನಗಳಿಂದ ತಾವಾಗಿಯೇ ಒಣಗಿ ಉಳಿದಿದ್ದ ಐದು ಮನುಷ್ಯ ದೇಹಗಳು ಹಾಳಾದವು. ಬೆಂಕಿ ಸುಟ್ಟಿದ್ದು ಒಂದಿಷ್ಟಾದರೆ, ಆರಿಸಲು ಸುರಿದ ನೀರು ಕೆಡಿಸಿದ್ದು ಇನ್ನೊಂದಿಷ್ಟು. ಈ ಸಂಬಂಧ ಒಬ್ಬನ ಬಂಧನವೂ ಆಯಿತು. ಅದಕ್ಕೆ ಐದು ವರ್ಷಗಳ ಹಿಂದೆಯಷ್ಟೇ ಇದೇ ದೇಹಗಳಲ್ಲೊಂದರ ತಲೆಯನ್ನು ಕಳ್ಳನೊಬ್ಬ ಕಿತ್ತು ಒಯ್ದಿದ್ದ.

ಎರಡನ್ನೂ ಕಿಡಿಗೇಡಿಗಳ ಕೆಲಸ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಈ ನೆಲಮಾಳಿಗೆಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಬೇರೆಯೇ ಒಂದು ಮಾತು ಕಾಣುತ್ತದೆ. ಆ ದೇಹಗಳು ಉಳಿದದ್ದು ಯಾರೂ ಅವುಗಳ ಗೋಜಿಗೆ ಹೋಗದಿದ್ದ ಕಾಲದಲ್ಲಿ. ನೋಡಲು ಜನ ಬರತೊಡಗಿದ ದಿನದಿಂದಲೇ ಸವೆತ ಶುರುವಾಗಿತ್ತು. ಕಳ್ಳತನ, ಬೆಂಕಿಗಳೆಲ್ಲ ಅದರ ಕೊನೆಯ ಕಂತುಗಳು.

ಚರ್ಚ್ ಇರುವುದು ಲಿಫಿ ನದಿಯ ಉತ್ತರ ದಡದ ಚರ್ಚ್ ಸ್ಟ್ರೀಟ್‌ನಲ್ಲಿ. ಈ ಜಾಗದಲ್ಲಿ ಮೊದಲ ಚರ್ಚ್ ಎದ್ದದ್ದು 1095ರಲ್ಲಿ ಎಂಬುದು ಪರಂಪರೆಯ ಲೆಕ್ಕ. ಆಗ ಡಬ್ಲಿನ್ ನಾರ್ಸ್ (ಸ್ಕ್ಯಾಂಡಿನೇವಿಯಾದ ವೈಕಿಂಗ್) ಮೂಲದವರ ಊರು. ಅಲ್ಲಿಂದ ಮುಂದೆ ಶತಮಾನಗಳ ಕಾಲ ನದಿಯ ಉತ್ತರಕ್ಕೆ ಇದ್ದ ಒಂದೇ ಪ್ಯಾರಿಷ್ ಚರ್ಚ್ (ಒಂದು ಪ್ರದೇಶದ ಭಕ್ತರಿಗೆಲ್ಲ ಸೇರಿದ ಚರ್ಚ್) ಇದು. ಈಗ ಕಾಣುವ ಕಟ್ಟಡ 1685-86ರಲ್ಲಿ ಮತ್ತೆ ಕಟ್ಟಿದ್ದು. ಪ್ರೊಟೆಸ್ಟೆಂಟ್ ಪಂಥವಾದ ಚರ್ಚ್ ಆಫ್ ಐರ್ಲೆಂಡಿಗೆ ಸೇರಿದೆ. ಕೆಳಗೆ ಉದ್ದುದ್ದನೆಯ ಸುರಂಗದಂಥ ಕಮಾನುಗಳು, ಅವುಗಳ ಎರಡೂ ಬದಿಗೆ ಕುಟುಂಬಗಳ ಹೆಸರಲ್ಲಿದ್ದ ಸಮಾಧಿ ಕೋಣೆಗಳು. ಇಳಿಯುವ ದಾರಿ ಚರ್ಚಿನ ಒಳಗಿನಿಂದಲ್ಲ, ಹೊರಗಿನ ಅಂಗಳದಿಂದ: ನೆಲಮಟ್ಟದಲ್ಲಿ ಓರೆಯಾಗಿ ಕೂರಿಸಿದ ಕಬ್ಬಿಣದ ಬಾಗಿಲು ಎತ್ತಿ, ಕಡಿದಾದ ಕಿರಿದು ಕಲ್ಲು ಮೆಟ್ಟಿಲುಗಳನ್ನು ತಲೆ ಬಗ್ಗಿಸಿ ಇಳಿಯಬೇಕು. ಈ ಬಾಗಿಲ ವಿಷಯ ಮುಂದೆ ಮತ್ತೆ ಬರುತ್ತದೆ.

ಇಲ್ಲಿ ಮಲಗಿದವರಲ್ಲಿ ಊರಿನ ದೊಡ್ಡ ಮನೆಗಳವರೇ ಹೆಚ್ಚು. ಲೀಟ್ರಿಮ್‌ನ ಅರ್ಲ್ (ಬ್ರಿಟಿಷ್ ಕುಲೀನರ ಒಂದು ಬಿರುದು) ಮನೆತನದ ಕೋಣೆ ಇದೆ. 1878ರಲ್ಲಿ ಕೊಲೆಯಾದ, ಗೇಣಿದಾರರ ಕಡು ದ್ವೇಷಕ್ಕೆ ಗುರಿಯಾಗಿದ್ದ ಮೂರನೆಯ ಅರ್ಲ್‌ನನ್ನು ತಂದು ಮಲಗಿಸಿದ್ದು ಅಲ್ಲೇ. ಅದಕ್ಕೆ ತದ್ವಿರುದ್ಧವಾಗಿ, ಬ್ರಿಟಿಷರ ವಿರುದ್ಧ 1798ರಲ್ಲಿ ನಡೆದ ಬಂಡಾಯದಲ್ಲಿ ಗಲ್ಲಿಗೇರಿದ ವಕೀಲ ಸೋದರರಾದ ಜಾನ್ ಮತ್ತು ಹೆನ್ರಿ ಶಿಯರ್ಸ್ ಕೂಡ ಇಲ್ಲೇ ಇದ್ದಾರೆ. ಜಮೀನ್ದಾರನೂ ಬಂಡಾಯಗಾರರೂ ಒಂದೇ ಸೂರಿನ ಕೆಳಗೆ. ಐರಿಶ್ ಜನರಿಗೆ ಈ ಜಾಗ ಬರೀ ಮಮ್ಮಿಗಳ ಕುತೂಹಲ ಅಲ್ಲದಿರುವುದಕ್ಕೆ ಇದೂ ಒಂದು ಕಾರಣ.

ದೇಹ ಕೊಳೆಯದೆ ಒಣಗುವುದು ಹೇಗೆ

ಇಲ್ಲಿ ಯಾರೂ ಈಜಿಪ್ಟಿನಂತೆ ಕರುಳು ತೆಗೆದು, ಉಪ್ಪು ತುಂಬಿ, ಬಟ್ಟೆ ಸುತ್ತಲಿಲ್ಲ. ನಡೆದದ್ದು ಒಂದು ಪೈಪೋಟಿ ಮಾತ್ರ. ಸತ್ತ ದೇಹವನ್ನು ಕೊಳೆಸುವವು ಮುಖ್ಯವಾಗಿ ಅದರ ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ. ಅವಕ್ಕೆ ನೀರು ಬೇಕು. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಮೊದಮೊದಲು ಅವುಗಳದ್ದೇ ಮೇಲುಗೈ. ಆದರೆ ಕೋಣೆ ತಂಪಾಗಿದ್ದರೆ ಅವುಗಳ ವೇಗ ತಗ್ಗುತ್ತದೆ. ಅದೇ ಹೊತ್ತಿಗೆ ದೇಹದಿಂದ ಹೊರಬಂದ ದ್ರವವನ್ನು ಯಾವುದಾದರೂ ಹೀರಿಕೊಂಡು, ಆವಿಯನ್ನು ಗಾಳಿ ಒಯ್ಯುತ್ತಿದ್ದರೆ, ಕೊಳೆತ ಮುಗಿಯುವ ಮೊದಲೇ ಮಾಂಸಖಂಡದ ನೀರು ಬ್ಯಾಕ್ಟೀರಿಯಾಕ್ಕೆ ಸಾಲದ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಗೆ ಪೈಪೋಟಿ ಮುಗಿಯಿತು. ಚರ್ಮ ಕಂದು ಬಣ್ಣಕ್ಕೆ ತಿರುಗಿ, ಬಿಗಿದು, ಚಪ್ಪಲಿಯ ತೊಗಲಿನಷ್ಟು ಗಟ್ಟಿಯಾಗುತ್ತದೆ. ತಿಪಟೂರು ಕಡೆ ಅಟ್ಟಕ್ಕೆ ಹಾಕಿದ ಇಡೀ ತೆಂಗಿನಕಾಯಿ ತಿಂಗಳುಗಟ್ಟಲೆ ಕದಲದೆ ಕೂತು, ಒಳಗೊಳಗೇ ನೀರಿಂಗಿ ಉಂಡೆ ಕೊಬ್ಬರಿಯಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಟ್ಟದ ಮಾಡು ಸೋರಿದರೆ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತು.

ಹಾಗಾಗಿ ಒಂದೇ ನೆಲಮಾಳಿಗೆಯಲ್ಲಿ ಪಕ್ಕಪಕ್ಕ ಇಟ್ಟ ಎರಡು ದೇಹಗಳಲ್ಲಿ ಒಂದು ಒಣಗಿ ಇನ್ನೊಂದು ಬರೀ ಎಲುಬಾಗುವುದು ವಿಚಿತ್ರವಲ್ಲ. ಬೇಸಿಗೆಯಲ್ಲಿ ಸತ್ತದ್ದೋ ಚಳಿಗಾಲದಲ್ಲೋ, ಸ್ಥೂಲ ದೇಹವೋ ಸೊರಗಿದ್ದೋ, ಪೆಟ್ಟಿಗೆ ಬರೀ ಮರದ್ದೋ ಒಳಗೆ ಸೀಸದ ತಗಡಿನದ್ದೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೀಸದ ಪೆಟ್ಟಿಗೆ ಅತಿ ಬೆಲೆಯದ್ದಾದರೂ ಈ ಕೆಲಸಕ್ಕೆ ಅಷ್ಟೇ ಕೆಟ್ಟದ್ದು. ದ್ರವ ಹೊರಹೋಗಲು ದಾರಿಯೇ ಇರುವುದಿಲ್ಲ. ಬಡವನ ಸೀಳು ಹಲಗೆಯ ಪೆಟ್ಟಿಗೆಯೇ ಇಲ್ಲಿ ಮೇಲು.

ಸೇಂಟ್ ಮಿಕನ್ಸ್‌ನಲ್ಲಿ ಗೋಡೆಯ ಸುಣ್ಣಕಲ್ಲು ತೇವ ಹೀರಿ ಗಾಳಿಯನ್ನು ಒಣಗಿಸಿ ಇಟ್ಟಿತು ಎಂಬುದು ಎಲ್ಲರೂ ಹೇಳುವ ವಿವರಣೆ. ಹಿಂದೊಮ್ಮೆ ಅಲ್ಲಿ ಓಕ್ ಕಾಡಿತ್ತು, ಅದರ ಟ್ಯಾನಿನ್ (ತೊಗಲು ಹದ ಮಾಡಲು ಬಳಸುವ, ಮರದ ಒಗರು ಸತ್ವ) ಮಣ್ಣಿನಿಂದ ಬಂದು ದೇಹಗಳನ್ನು ಹದ ಮಾಡಿತು ಎಂಬ ಇನ್ನೊಂದು ಮಾತೂ ಇದೆ. ಮೊದಲನೆಯದನ್ನು ಅರ್ಧದಷ್ಟು ಒಪ್ಪಬಹುದು: ಸುಣ್ಣದ ಗಾರೆ, ರಂಧ್ರವಿರುವ ಕಲ್ಲು ಗಾಳಿಯ ತೇವ ಏರಿದಾಗ ಹೀರಿ ಇಳಿದಾಗ ಬಿಡುತ್ತವೆ, ಏರಿಳಿತವನ್ನು ತಗ್ಗಿಸುತ್ತವೆ. ಎರಡನೆಯದಕ್ಕೆ ಆಧಾರ ಸಾಲದು. ಟ್ಯಾನಿನ್ ಕೆಲಸ ಮಾಡಬೇಕಾದರೆ ನೀರಿನಲ್ಲಿ ಕರಗಿ ಚರ್ಮಕ್ಕೆ ತಾಗಬೇಕು, ಜೌಗು ನೆಲದಲ್ಲಿ ಸಿಗುವ ದೇಹಗಳಲ್ಲಿ ಆಗುವಂತೆ. ನೆಲದಿಂದ ಎತ್ತರದಲ್ಲಿ, ಪೆಟ್ಟಿಗೆಯೊಳಗೆ, ಒಣ ಗಾಳಿಯಲ್ಲಿದ್ದ ದೇಹಕ್ಕೆ ಅದು ಹತ್ತುವ ದಾರಿ ಕಾಣುವುದಿಲ್ಲ.

ಗಾಳಿಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಹಂಗೆರಿಯ ವಾತ್ಸ್ ಪಟ್ಟಣ. ಅಲ್ಲಿನ ಡೊಮಿನಿಕನ್ ಚರ್ಚಿನ ದುರಸ್ತಿ ವೇಳೆ 1994ರಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿ ಮರೆತಿದ್ದ ನೆಲಮಾಳಿಗೆಯೊಂದು ಸಿಕ್ಕಿತು. 1731ರಿಂದ 1838ರವರೆಗೆ ಅಲ್ಲಿಟ್ಟ 265 ದೇಹಗಳಲ್ಲಿ ಬಹಳಷ್ಟು ಒಣಗಿ ಉಳಿದಿದ್ದವು. ಉಷ್ಣಾಂಶ 8ರಿಂದ 11 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಮಾತ್ರ ಶೇ 90ರ ಆಸುಪಾಸು! ಪುಸ್ತಕದ ಲೆಕ್ಕದಲ್ಲಿ ಇದು ಬೂಸಿಗೆ ಹಬ್ಬ. ಆದರೆ ಪೆಟ್ಟಿಗೆಗಳ ತಳದಲ್ಲಿ ಹಾಸಿದ್ದ ಪೈನ್ ಮರದ ಹೊಟ್ಟು ದ್ರವ ಹೀರಿತ್ತು, ಅದರ ರಾಳ ಸೂಕ್ಷ್ಮಾಣುಗಳನ್ನು ತಡೆದಿತ್ತು, ಸಣ್ಣದಾಗಿ ಹರಿಯುವ ತಂಗಾಳಿ ನಿಂತಿರಲಿಲ್ಲ. ಪೆಟ್ಟಿಗೆಗಳ ಮೇಲೆ ಹೆಸರು ಬರೆದಿದ್ದರಿಂದ ಚರ್ಚಿನ ದಾಖಲೆಯೊಂದಿಗೆ ತಾಳೆ ನೋಡುವುದೂ ಸಾಧ್ಯವಾಯಿತು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಂಟು ದೇಹಗಳಿಂದ ಕ್ಷಯರೋಗದ ಬ್ಯಾಕ್ಟೀರಿಯಾದ 14 ಜೀನೋಮ್‌ಗಳನ್ನು ಬಿಡಿಸಿ ಓದಿತು. ಕೆಲವರ ದೇಹದಲ್ಲಿ ಒಂದಕ್ಕಿಂತ ಹೆಚ್ಚು ತಳಿಗಳಿದ್ದವು.

ಸಿಸಿಲಿಯ ಪಲೆರ್ಮೊದಲ್ಲಿರುವ ಕಪುಚಿನ್ ಸನ್ಯಾಸಿಗಳ ನೆಲಮಾಳಿಗೆಯನ್ನು ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಅರ್ಧ ಸರಿ. 1599ರಲ್ಲಿ ಹಳೆಯ ಗುಂಡಿಯಿಂದ ತಮ್ಮವರ ದೇಹಗಳನ್ನು ತೆಗೆದಾಗ ಹಲವು ತಾವಾಗಿ ಒಣಗಿದ್ದನ್ನು ಸನ್ಯಾಸಿಗಳು ಕಂಡರು. ಆಮೇಲೆ ಅದನ್ನೇ ಒಂದು ಕ್ರಮ ಮಾಡಿಕೊಂಡರು. ‘ಕೊಲಾಟೊಯೊ’ ಎಂಬ ಸೋರುಕೋಣೆಯಲ್ಲಿ ಮಣ್ಣಿನ ಕೊಳವೆಗಳ ಜಾಲರಿಯ ಮೇಲೆ ದೇಹ ಮಲಗಿಸಿ ಎಂಟು ತಿಂಗಳಿಂದ ಒಂದು ವರ್ಷ ಬಾಗಿಲು ಮುಚ್ಚುವುದು, ಹೊರತೆಗೆದು ವಿನೆಗರ್‌ನಿಂದ ತೊಳೆಯುವುದು, ಬಿಸಿಲಿಗೆ ಒಡ್ಡುವುದು, ಒಳಗೆ ಹುಲ್ಲು ತುರುಕಿ ಬಟ್ಟೆ ತೊಡಿಸಿ ಗೋಡೆಯ ಗೂಡಿನಲ್ಲಿ ನಿಲ್ಲಿಸುವುದು. ಸಾಂಕ್ರಾಮಿಕ ಬಂದ ವರ್ಷಗಳಲ್ಲಿ ಆರ್ಸೆನಿಕ್ ಅಥವಾ ಸುಣ್ಣದ ನೀರಲ್ಲಿ ಅದ್ದುವುದೂ ಇತ್ತು. ಅಲ್ಲಿನ ಎಲ್ಲರಿಗಿಂತ ಹೆಸರಾದ ಪುಟ್ಟ ಹುಡುಗಿ ರೊಸಾಲಿಯಾ ಲೊಂಬಾರ್ದೊ 1920ರಲ್ಲಿ ತೀರಿಕೊಂಡವಳು. ಅವಳು ಹಾಗೇ ಉಳಿದಿರುವುದು ಗಾಳಿಯಿಂದಲ್ಲ. ಆಲ್ಫ್ರೆಡೊ ಸಲಾಫಿಯಾ ಎಂಬಾತ ಚುಚ್ಚಿದ ಫಾರ್ಮಲಿನ್, ಆಲ್ಕೋಹಾಲ್, ಗ್ಲಿಸರಿನ್, ಸ್ಯಾಲಿಸಿಲಿಕ್ ಆಮ್ಲ, ಸತುವಿನ ಲವಣಗಳ ಮಿಶ್ರಣದಿಂದ. ಅವಳು ಕಣ್ಣು ಬಿಡುತ್ತಾಳೆ ಎಂದು ಹರಿದಾಡುವ ವಿಡಿಯೊ ಬೆಳಕಿನ ಕೋನ ಬದಲಾಗುವುದರ ಆಟ. ರೆಪ್ಪೆಗಳು ಮೊದಲಿಂದಲೂ ಪೂರ್ತಿ ಮುಚ್ಚಿಲ್ಲ.

ಹೆಸರಿಟ್ಟದ್ದು, ಮುಟ್ಟಿದ್ದು

ಡಬ್ಲಿನ್‌ನ ದೇಹಗಳು ಯಾರ ಕಣ್ಣಿಗೂ ಬೀಳಬೇಕಿರಲಿಲ್ಲ. ಜಾಗ ಸಾಲದೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದ್ದರು. ಕಾಲಕ್ರಮದಲ್ಲಿ ಕೆಳಗಿನ ಮರ ಮೇಲಿನ ಭಾರ ತಾಳದೆ ಕುಸಿಯಿತು, ಹಲಗೆ ಸೀಳಿತು, ಒಳಗಿದ್ದವರು ಕಾಣಿಸಿಕೊಂಡರು. ಹೆಸರಿಲ್ಲದವರಿಗೆ ತೋರಿಸುವವರೇ ಹೆಸರಿಟ್ಟರು. ಹಿಂಬದಿಗೆ ಮಲಗಿದ್ದ ಎತ್ತರದ ಗಂಡಸು ‘ಕ್ರುಸೇಡರ್’, ಅಂದರೆ ಧರ್ಮಯೋಧ. ಪೆಟ್ಟಿಗೆಗೆ ಹಿಡಿಸಲು ಅವನ ಕಾಲು ಮುರಿದು ಮಡಚಿದ್ದರು ಎನ್ನುತ್ತಿದ್ದರು. ಒಬ್ಬಾಕೆ ‘ಸನ್ಯಾಸಿನಿ’. ಪಾದಗಳೂ ಒಂದು ಕೈಯೂ ಇಲ್ಲದವನು ‘ಕಳ್ಳ’, ಶಿಕ್ಷೆಯಾಗಿ ಕಡಿದಿರಬೇಕು ಎಂಬ ಊಹೆಯ ಮೇಲೆ. ನಾಲ್ಕನೆಯವಳಿಗೆ ಏನೂ ಹೊಳೆಯದೆ ‘ಅಜ್ಞಾತೆ’.

ಈ ಹೆಸರುಗಳನ್ನು ದಾಖಲೆಯಂತೆ ನಂಬಬಾರದು. ಕ್ರುಸೇಡರ್‌ಗೆ 800 ವರ್ಷ ಎಂದು ಫಲಕ, ಪತ್ರಿಕೆಗಳೆಲ್ಲ ಬರೆದವು. 650 ಎಂದವರೂ ಇದ್ದಾರೆ. ಮೇಲಿನ ಕಟ್ಟಡವೇ 1685ರದ್ದು. ಅಷ್ಟು ಹಳೆಯ ದೇಹವಾದರೆ ಬೇರೆಲ್ಲಿಂದಲೋ ತಂದು ಇಟ್ಟಿರಬೇಕು. ಕಾಲಿಲ್ಲದವನು ಕಳ್ಳನೇ ಆಗಬೇಕೆಂದಿಲ್ಲ. ಕುಸಿದ ಪೆಟ್ಟಿಗೆಗಳ ನಡುವೆ ಒಣಗಿದ ಕೈಕಾಲು ಮುರಿದು ಬೀಳುವುದು ಸಾಮಾನ್ಯ. ಆದರೆ ಕಥೆಯಿಲ್ಲದ ದೇಹಕ್ಕೆ ಟಿಕೆಟ್ ಕೊಳ್ಳುವವರು ಕಡಿಮೆ.

ಕ್ರುಸೇಡರ್‌ನ ಕೈಬೆರಳು ಮುಟ್ಟಿದರೆ ಅದೃಷ್ಟ ಎಂಬ ನಂಬಿಕೆ ಹುಟ್ಟಿಕೊಂಡಿತು. ತೋರಿಸುವವರೇ ಕರೆದು ಮುಟ್ಟಿಸುತ್ತಿದ್ದ ಕಾಲವೂ ಇತ್ತು. ಸಾವಿರಾರು ಕೈ ತಾಗಿ ಬೆರಳು ನುಣುಪಾಗಿ ಹೊಳೆಯುತ್ತಿತ್ತು. ಆ ಹೊಳಪು ನಮ್ಮ ಅಂಗೈಯ ಎಣ್ಣೆ, ಬೆವರಿನ ಉಪ್ಪು ಮತ್ತು ಸವೆದ ಚರ್ಮದ್ದು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಗೆ ಧೂಳು ಹತ್ತುತ್ತದೆ, ಧೂಳಿನೊಡನೆ ಬೂಸಿನ ಬೀಜಕಣ ಬರುತ್ತವೆ.

ಭಕ್ತಿಯಿಂದ ಮುಟ್ಟಿದರೂ ಫಲ ಬೇರೆಯಲ್ಲ ಎನ್ನಲು ದೂರ ಹೋಗಬೇಕಿಲ್ಲ, ಕಾರವಾರದಾಚೆ ಗೋವಾ ಇದೆ. 1552ರಲ್ಲಿ ಚೀನಾ ತೀರದ ದ್ವೀಪವೊಂದರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹವನ್ನು ಬೇಗ ಕರಗಲೆಂದು ಸುಣ್ಣ ಹಾಕಿ ಹೂಳಿದ್ದರು. ಅದು ಕೆಡದೆ ಉಳಿದು 1554ರಲ್ಲಿ ಗೋವಾ ಸೇರಿತು. ಆ ವರ್ಷವೇ ದರ್ಶನದ ನೆಪದಲ್ಲಿ ಮಹಿಳೆಯೊಬ್ಬಳು ಕಾಲ್ಬೆರಳನ್ನು ಕಚ್ಚಿಕೊಂಡು ಹೋದಳೆಂಬುದು ಪ್ರಸಿದ್ಧ ಕಥೆ. 1614ರಲ್ಲಿ ಬಲಗೈಯ ಭಾಗವನ್ನು ಕತ್ತರಿಸಿ ರೋಮ್‌ಗೆ ಕಳಿಸಿದರು. ಇವತ್ತು ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನದಲ್ಲಿ, ಕೊನೆಯದು 2024-25ರಲ್ಲಿ ಆಯಿತು, ಗಾಜಿನ ಪೆಟ್ಟಿಗೆಯ ಆಚೆಯಿಂದಷ್ಟೇ ನೋಡಬಹುದು.

ಮುಟ್ಟದೆ ನಿಂತವರೂ ಪೂರ್ತಿ ನಿರಪರಾಧಿಗಳಲ್ಲ. ಸುಮ್ಮನೆ ನಿಂತ ಮನುಷ್ಯ ಉಸಿರು, ಬೆವರು ಸೇರಿ ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಬಿಡುತ್ತಾನೆ, ಜೊತೆಗೆ ಸುಮಾರು 100 ವಾಟ್ ಶಾಖ. ಹದಿನೈದು ಜನರ ತಂಡ ಇಪ್ಪತ್ತು ನಿಮಿಷ ನಿಂತರೆ ಕಾಲು ಲೀಟರ್ ನೀರು. 10 ಮೀಟರ್ ಉದ್ದ, 4 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯೊಂದನ್ನು ಊಹಿಸಿಕೊಳ್ಳಿ. 12 ಡಿಗ್ರಿಯಲ್ಲಿ ಅದರ ಗಾಳಿ ಹೆಚ್ಚೆಂದರೆ ಸುಮಾರು 1,070 ಗ್ರಾಂ ಆವಿ ಹಿಡಿಯುತ್ತದೆ. ಶೇ 60 ತೇವಾಂಶ ಎಂದರೆ 640 ಗ್ರಾಂ. ಒಂದು ತಂಡ ಬಂದು ಹೋದರೆ, ಗಾಳಿ ಬದಲಾಗದಿದ್ದಲ್ಲಿ, 890 ಗ್ರಾಂ. ತೇವಾಂಶ ಶೇ 83. ಬೂಸಿಗೆ ಶೇ 70 ದಾಟಿದರೆ ಸಾಕು. ಮಳೆಯೂರಾದ ಡಬ್ಲಿನ್‌ನಲ್ಲಿ ಒದ್ದೆ ಕೋಟು, ಹನಿಕ್ಕುವ ಕೊಡೆ ಇದರ ಮೇಲೆ. ಗೋಡೆಯ ಸುಣ್ಣ ಒಂದಷ್ಟನ್ನು ಹೀರಿಕೊಳ್ಳುತ್ತದೆ, ಬಾಗಿಲು ತೆರೆದಾಗ ಒಂದಷ್ಟು ಹೊರಹೋಗುತ್ತದೆ. ದಿನಕ್ಕೊಂದು ತಂಡವಾದರೆ ಕೋಣೆ ಸುಧಾರಿಸಿಕೊಳ್ಳುತ್ತದೆ, ಗಂಟೆಗೊಂದಾದರೆ ಆಗುವುದಿಲ್ಲ.

ಕಳ್ಳತನದಿಂದ ಬೆಂಕಿಯವರೆಗೆ

1990ರ ದಶಕದಲ್ಲೇ ಯುವಕರ ಗುಂಪೊಂದು ಒಳಗೆ ನುಗ್ಗಿ ದೇಹಗಳಿಗೆ ಹಾನಿ ಮಾಡಿತ್ತು. 2019ರ ಫೆಬ್ರುವರಿ ಕೊನೆಗೆ ಬಾಗಿಲು ತೆರೆಯಲು ಬಂದ ಮಾರ್ಗದರ್ಶಿಗೆ ಕಂಡದ್ದು ಇನ್ನೂ ಘೋರ: ಕ್ರುಸೇಡರ್‌ನ ತಲೆ ಇಲ್ಲ, ಸನ್ಯಾಸಿನಿಯ ದೇಹವನ್ನು ಕದಲಿಸಿದ್ದಾರೆ. ಮಾರ್ಚ್ ಮೊದಲ ವಾರ ಪೊಲೀಸರು ತಲೆಯನ್ನು ಪತ್ತೆ ಮಾಡಿದರು, ಜೊತೆಗೆ ಇನ್ನೊಂದು ಬುರುಡೆಯನ್ನೂ. ತಲೆಗೆ ನೀರು ತಗುಲಿತ್ತು. ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ತಜ್ಞರು ಸಂರಕ್ಷಣೆಗೆ ನೆರವಾದರು. ಕದ್ದವನಿಗೆ ಜೈಲಾಯಿತು. ಕೆಲವೇ ತಿಂಗಳಲ್ಲಿ ನೆಲಮಾಳಿಗೆ ಮತ್ತೆ ತೆರೆಯಿತು.

ನೀರು ತಗುಲಿದರೆ ಅಷ್ಟೇಕೆ ಆತಂಕ? ಒಣಗಿದ ಚರ್ಮದ ಬಲವೆಲ್ಲ ಕೊಲಾಜೆನ್ ಎಂಬ ನಾರಿನದು. ಶತಮಾನಗಳಲ್ಲಿ ಅದು ಒಳಗೊಳಗೇ ಜೀರ್ಣವಾಗಿರುತ್ತದೆ, ಒಣಗಿರುವವರೆಗೆ ಆಕಾರ ಹಿಡಿದಿರುತ್ತದೆ. ನೀರು ಹೊಕ್ಕ ಕೂಡಲೇ ಉಬ್ಬುತ್ತದೆ, ಅಂಟಂಟಾಗುತ್ತದೆ, ಎಲುಬಿನಿಂದ ಬಿಡಿಸಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಬೂಸು. ಅವಸರದಲ್ಲಿ ಬಿಸಿಗಾಳಿಯಿಂದ ಒಣಗಿಸಿದರೆ ಮೇಲ್ಪದರ ಮೊದಲು ಕುಗ್ಗಿ ಸೀಳುತ್ತದೆ. ಸಂರಕ್ಷಕರು ಇಂಥ ಸ್ಥಿತಿಯಲ್ಲಿ ವಸ್ತುವನ್ನು ತಣ್ಣಗಿಟ್ಟು, ತೇವಾಂಶವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಸಮಯ ಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಒಂದು ತಲೆಗೆ ಇದು ಸಾಧ್ಯ. 2024ರಲ್ಲಿ ಆದಂತೆ ಸುಟ್ಟು, ನೀರಲ್ಲಿ ನೆನೆದ ಐದು ದೇಹಗಳಿಗೆ ಅಲ್ಲ.

ಅಗ್ನಿಶಾಮಕರನ್ನು ದೂರುವುದು ತಪ್ಪು. ಒಣ ಮರ, ಒಣ ತೊಗಲು ತುಂಬಿದ, ಒಂದೇ ಕಿರಿದು ಬಾಗಿಲ ನೆಲಮಾಳಿಗೆ; ಮೇಲೆ ಮೂರು ಶತಮಾನಗಳಿಗಿಂತ ಹಳೆಯ ಚರ್ಚು. ನೀರು ಬಿಡದೆ ಬೇರೆ ದಾರಿಯಿಲ್ಲ. ವಸ್ತುಸಂಗ್ರಹಾಲಯಗಳು ಹೊಗೆ ಪತ್ತೆ ಯಂತ್ರ, ನೀರಿನ ಮಂಜು ಅಥವಾ ಜಡಾನಿಲ ಸಿಂಪಡಿಸುವ ವ್ಯವಸ್ಥೆ ಇಡುವುದು ಇದಕ್ಕೇ. ಆದರೆ ಪ್ರಾರ್ಥನೆ ನಡೆಯುವ ಪ್ಯಾರಿಷ್ ಚರ್ಚು ವಸ್ತುಸಂಗ್ರಹಾಲಯವಲ್ಲ. ಬೆರಳೆಣಿಕೆಯ ಸಿಬ್ಬಂದಿ, ಬೀದಿಗೆ ತೆರೆದ ಅಂಗಳ, ಹೊರಗಿನಿಂದ ನೇರ ಕೆಳಗಿಳಿಯುವ ಆ ಕಬ್ಬಿಣದ ಬಾಗಿಲು. ದೇಹಗಳನ್ನು ಒಣಗಿಸಿ ಉಳಿಸಿದ ರಚನೆಯೇ ಅವುಗಳನ್ನು ಕಾಯಲು ತೊಡಕಾಯಿತು.

ತೋರಿಸುವುದೇ ಸರಿಯೇ ಎಂಬ ಪ್ರಶ್ನೆ ಈ ನಡುವೆ ಐರ್ಲೆಂಡಿನಲ್ಲಿ ಬಿಸಿಯಾಗಿಯೇ ಇದೆ. 1890ರಲ್ಲಿ ಇನಿಶ್‌ಬೋಫಿನ್ ದ್ವೀಪದಿಂದ ಕದ್ದೊಯ್ದಿದ್ದ 13 ಬುರುಡೆಗಳನ್ನು ಡಬ್ಲಿನ್‌ನ ಟ್ರಿನಿಟಿ ಕಾಲೇಜು 2023ರಲ್ಲಿ ಹಿಂದಿರುಗಿಸಿತು, ದ್ವೀಪದವರು ಅವನ್ನು ಮಣ್ಣು ಮಾಡಿದರು. ಅದೇ ವರ್ಷ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯ ಅಸಾಧಾರಣ ಎತ್ತರದಿಂದ ‘ಐರಿಶ್ ದೈತ್ಯ’ ಎನಿಸಿದ್ದ ಚಾರ್ಲ್ಸ್ ಬೈರ್ನ್‌ನ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆಯಿತು. ಸೇಂಟ್ ಮಿಕನ್ಸ್‌ನವರನ್ನು ಯಾರೂ ಕದ್ದು ತಂದಿರಲಿಲ್ಲ, ಮಲಗಿಸಿದ ಕಡೆಯೇ ಇದ್ದರು ಎಂಬುದು ಚರ್ಚಿನ ಪರವಾದ ವಾದ, ಅದರಲ್ಲಿ ಹುರುಳಿದೆ. ಆದರೆ ಮುಚ್ಚಳವಿಲ್ಲದೆ, ಅಡ್ಡಹೆಸರಿನಲ್ಲಿ, ಕೈಗೆಟುಕುವಂತೆ ಇಡುವುದು ಮಲಗಿಸಿದವರು ಬಯಸಿದ್ದಲ್ಲ.

ಇಂಥ ಕಡೆಗೆ ಹೋಗುವವರಿಗೆ ಕೆಲವು ಮಾತು. ಡಬ್ಲಿನ್‌ನಲ್ಲಿ ಮೊದಲು ಚರ್ಚನ್ನೇ ಕೇಳಿ. ಹಳೆಯ ಪ್ರವಾಸ ಪುಟಗಳ ಕೈಕುಲುಕುವ ಮಮ್ಮಿಯ ವರ್ಣನೆ ಈಗ ಸುಳ್ಳು. ಮೇಲಿನ ಚರ್ಚಿನಲ್ಲಿ 18ನೆಯ ಶತಮಾನದ ಆರ್ಗನ್ ವಾದ್ಯ ಮತ್ತು ಅದರ ಮುಂದಿನ ಮರಗೆತ್ತನೆ ನೋಡಲು ತಕ್ಕದ್ದು. ಹೆಸರಾಂತ ಸಂಗೀತ ರಚನೆಕಾರ ಹ್ಯಾಂಡೆಲ್ ಅದನ್ನು ನುಡಿಸಿದ್ದ ಎಂಬುದು ಐತಿಹ್ಯ. ಪಲೆರ್ಮೊದಲ್ಲಿ ಫೋಟೊ ನಿಷೇಧ. ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರ ಕಾಟಕ್ಕೇ ಅಲ್ಲಿ ಕಬ್ಬಿಣದ ಸರಳು ಹಾಕಿದ್ದು. ಒದ್ದೆ ಕೊಡೆ, ಬೆನ್ನುಚೀಲ ಮೇಲೇ ಬಿಡಿ: ಕಿರಿದು ಓಣಿಯಲ್ಲಿ ತಿರುಗುವಾಗ ಬೆನ್ನುಚೀಲ ಏನನ್ನು ತಾಗಿತು ಎಂದು ಹೊತ್ತವರಿಗೇ ಗೊತ್ತಾಗುವುದಿಲ್ಲ. ಉಬ್ಬಸ ಇರುವವರು ಧೂಳು, ಬೂಸನ್ನು ನೆನಪಿಡಬೇಕು. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ ಹಳೆಯ ಮೆಟ್ಟಿಲುಗಳು ಬಹುತೇಕ ಅಸಾಧ್ಯ. ವಾತ್ಸ್‌ನ ದೇಹಗಳಲ್ಲಿ ಹೆಚ್ಚಿನವನ್ನು ಬುಡಾಪೆಸ್ಟ್‌ನ ನಿಸರ್ಗ ವಿಜ್ಞಾನ ಸಂಗ್ರಹಾಲಯಕ್ಕೆ ಸಾಗಿಸಲಾಗಿದೆ. ಊರಿನಲ್ಲಿ ಚಿತ್ರ ಬರೆದ ಪೆಟ್ಟಿಗೆಗಳ ಸಣ್ಣ ಪ್ರದರ್ಶನ ಇದೆ. ವಿಯೆನ್ನಾದ ಸೇಂಟ್ ಮೈಕೇಲ್ ಚರ್ಚಿನ ನೆಲಮಾಳಿಗೆಗೆ ಮಾರ್ಗದರ್ಶಿಯೊಂದಿಗೆ ಮಾತ್ರ ಪ್ರವೇಶ. ಅಲ್ಲಿ ತೇವಾಂಶ ಏರಿ, ನ್ಯೂಜಿಲೆಂಡ್ ಮೂಲದ ಮರಕೊರಕ ಹುಳುವೊಂದು ಪೆಟ್ಟಿಗೆಗಳನ್ನು ತಿನ್ನತೊಡಗಿದ ಮೇಲೆ ಗಾಳಿ ಹದವಿಡುವ ಯಂತ್ರ ಕೂರಿಸಿದರು. ಹಿಂದೆ ಗೋಡೆಯೂ ಕಿಂಡಿಯೂ ಮಾಡುತ್ತಿದ್ದ ಕೆಲಸವನ್ನು ಈಗ ಅದು ವಿದ್ಯುತ್ ಬಿಲ್ಲಿನೊಂದಿಗೆ ಮಾಡುತ್ತಿದೆ.